ಎದುರು ಗಾಳಿಗೆ ನಮ್ಮ ಕೆಚ್ ಯಾಕೆ ಏರುತ್ತಿಲ್ಲ?

ಪ್ರಶ್ನೆ: ನಾವು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಆನಾಪೊಲಿಸ್ ಹತ್ತಿರ ಇದ್ದೇವೆ. ಹೋದ ವರ್ಷ 1960ರ ದಶಕದ ಒಂದು ಹಳೆಯ ಅಲೈಡ್ ಸೀವಿಂಡ್ ಕೆಚ್ ಕೊಂಡೆವು. 30 ಅಡಿ ಉದ್ದ, ಎರಡು ಕಂಬದ ಹಾಯಿದೋಣಿ. ಪಕ್ಕದ ಗಾಳಿಗೆ ಖುಷಿಯಿಂದ ಓಡುತ್ತದೆ. ಆದರೆ ಇಲ್ಲಿ ಬೇಸಿಗೆಯಲ್ಲಿ ದಕ್ಷಿಣದ ಗಾಳಿ ಜಾಸ್ತಿ. ಚೆಸಪೀಕ್ ಕೊಲ್ಲಿಯಲ್ಲಿ ದಕ್ಷಿಣಕ್ಕೆ ಹೊರಟರೆ ದಿನವಿಡೀ ಟ್ಯಾಕ್ ಮಾಡಿದರೂ (ಗಾಳಿಗೆ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತಾ ಹೋದರೂ) ದಡದ ಅದೇ ಮನೆ ಕಾಣುತ್ತಿರುತ್ತದೆ. 12 ನಾಟ್ (ಗಂಟೆಗೆ 12 ನಾಟಿಕಲ್ ಮೈಲಿ) ಗಾಳಿಯಲ್ಲಿ ನಮ್ಮ ವೇಗ 4 ನಾಟ್. ಜಿಪಿಎಸ್ ಗೆರೆ ನೋಡಿದರೆ ಒಂದು ಟ್ಯಾಕ್‌ಗೂ ಇನ್ನೊಂದಕ್ಕೂ ನಡುವೆ 130 ಡಿಗ್ರಿ! ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿ, ಎಳೆದೂ ಎಳೆದೂ ನನ್ನ ಹೆಂಡತಿಗೆ ಭುಜ ನೋವು. ಹಿಂದಿನ ಕಂಬ ಕಿತ್ತುಹಾಕಿ ಅನ್ನುತ್ತಾರೆ ಒಬ್ಬರು. ಮುಂದಿನ ಹಾಯಿ ಜೆನೋವಾವನ್ನು ಇನ್ನೂ ದೊಡ್ಡದು ಹಾಕಿಸಿ ಅನ್ನುತ್ತಾರೆ ಇನ್ನೊಬ್ಬರು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಕಂಬದ ವಿಷಯ ಮುಗಿಸಿಬಿಡೋಣ. ಗರಗಸ ಕೆಳಗಿಡಿ. ಹಿಂದಿನ ಕಂಬ ಕಿತ್ತರೆ ದೋಣಿಯ ಸಮತೋಲ ಬದಲಾಗುತ್ತದೆ. ಕೆಲವು ಕೆಚ್‌ಗಳಲ್ಲಿ ಎರಡೂ ಕಂಬಗಳ ತಂತಿಗಳು ಒಂದಕ್ಕೊಂದು ಆಸರೆ ಆಗಿರುತ್ತವೆ, ಅಲ್ಲಿ ಇನ್ನೂ ದೊಡ್ಡ ತಾಪತ್ರಯ. ಅದೂ ಅಲ್ಲದೆ ನಿಮ್ಮ ಕೆಚ್ ಪಕ್ಕದ ಗಾಳಿಗೆ ಚೆನ್ನಾಗಿ ಓಡುತ್ತದೆ ಅಂದಿರಲ್ಲ, ಅದರಲ್ಲಿ ಆ ಕಂಬಕ್ಕೂ ಪಾಲಿದೆ.

ಇನ್ನು ದೋಣಿಯ ಬಗ್ಗೆ. ಇದನ್ನು ವಿನ್ಯಾಸ ಮಾಡಿದ ಥಾಮಸ್ ಗಿಲ್ಮರ್ ನಿಮ್ಮ ಆನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲೇ ಹಡಗು ವಿನ್ಯಾಸದ ಪಾಠ ಹೇಳುತ್ತಿದ್ದವರು. ಇದೇ ಸೀವಿಂಡ್ ಮಾದರಿಯ 'ಅಪೊಜಿ' ಅನ್ನುವ ಕೆಚ್‌ನಲ್ಲಿ ಅಲನ್ ಎಡ್ಡಿ 1960ರ ದಶಕದಲ್ಲಿ ಭೂಮಿ ಸುತ್ತಿ ಬಂದರು. ಫೈಬರ್‌ಗ್ಲಾಸ್ ದೋಣಿಯೊಂದು ಭೂಮಿ ಸುತ್ತಿದ್ದು ಅದೇ ಮೊದಲು. ಹಾಗಾಗಿ ದೋಣಿಯ ಜಾತಿಯಲ್ಲಿ ದೋಷ ಇಲ್ಲ. ಆದರೆ ಅದು ಹುಟ್ಟಿದ್ದು ದೂರದ ಪಯಣಕ್ಕೆ. ದೋಣಿಯ ತಳದಲ್ಲಿ ಮುಂದಿನಿಂದ ಹಿಂದಿನವರೆಗೆ ಉದ್ದಕ್ಕೆ ಓಡುವ ಏಣಿನಂಥ ಕೀಲ್, ಅದರ ಹಿಂಬದಿಗೇ ಅಂಟಿದ ಚುಕ್ಕಾಣಿ, ಸುಮಾರು ಐದೂವರೆ ಟನ್ ತೂಕ, ನೀರಿನೊಳಗೆ ನಾಲ್ಕು ಅಡಿ ಚಿಲ್ಲರೆ ಆಳ. ಇದು ಎತ್ತಿನಗಾಡಿ. ಪಕ್ಕದಲ್ಲಿ ಹಾದುಹೋಗುವ ಹೊಸ ಒಂಟಿಕಂಬದ ರೇಸ್ ದೋಣಿಗಳು ರೇಸ್ ಕುದುರೆ. ಅವು ಟ್ಯಾಕ್‌ನಿಂದ ಟ್ಯಾಕ್‌ಗೆ 85, 90 ಡಿಗ್ರಿಯಲ್ಲಿ ತಿರುಗುತ್ತವೆ. ನಿಮ್ಮದು ತಿರುಗೋದಿಲ್ಲ, ಯಾವ ಹಾಯಿ ಹಾಕಿದರೂ ಅಷ್ಟೇ. ಆದರೆ 130 ಡಿಗ್ರಿ ಅನ್ನುವುದು ಈ ದೋಣಿಗೂ ಅವಮಾನವೇ. 110ರ ಆಸುಪಾಸು ಸಿಗಲೇಬೇಕು.

ಆ 20 ಡಿಗ್ರಿಯ ಬೆಲೆ ಎಷ್ಟು ಅಂತ ಒಂದು ಸಣ್ಣ ಲೆಕ್ಕ ಹಾಕೋಣ. 130 ಡಿಗ್ರಿ ಅಂದರೆ ನೀವು ಗಾಳಿಯ ದಿಕ್ಕಿನಿಂದ 65 ಡಿಗ್ರಿ ಓರೆಯಾಗಿ ಹೋಗುತ್ತಿದ್ದೀರಿ. 4 ನಾಟ್ ವೇಗದಲ್ಲಿ ನೇರ ಗಾಳಿಯ ಕಡೆಗೆ ನಿಮಗೆ ದಕ್ಕುವುದು 1.7 ನಾಟ್ ಅಷ್ಟೇ. 12 ನಾಟಿಕಲ್ ಮೈಲಿ ದಕ್ಷಿಣಕ್ಕೆ ಹೋಗಲು ಏಳು ಗಂಟೆ. ಅದೇ 55 ಡಿಗ್ರಿ ಓರೆಯಲ್ಲಿ ನಾಲ್ಕೂವರೆ ನಾಟ್ ಹೋದರೆ ದಕ್ಕುವುದು 2.6 ನಾಟ್. ಅದೇ 12 ಮೈಲಿ ನಾಲ್ಕೂ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಎರಡು ಗಂಟೆಗೂ ಜಾಸ್ತಿ ಉಳಿತಾಯ. ಮಧ್ಯಾಹ್ನದ ಗುಡುಗು ಮಳೆಗೆ ಮುಂಚೆ ಲಂಗರು ಹಾಕುವುದಕ್ಕೂ ಮಳೆಯಲ್ಲಿ ನೆನೆಯುವುದಕ್ಕೂ ಇರುವ ವ್ಯತ್ಯಾಸ ಅದೇ ಅಲ್ವಾ?

ಈಗ ಮುಖ್ಯ ವಿಷಯ. ನಿಮ್ಮ ಪತ್ರ ಓದಿದ ಕೂಡಲೇ ನನಗೆ ಅನಿಸಿದ್ದು, ನೀವು ದೋಣಿಯ ಮೂತಿಯನ್ನು ಗಾಳಿಗೆ ಜಾಸ್ತಿ ಒತ್ತುತ್ತಿದ್ದೀರಿ ಅಂತ. ಹೆಚ್ಚಿನವರು ಮಾಡುವ ತಪ್ಪೇ ಇದು. ಗುರಿ ಆ ಕಡೆ ಇದೆ, ಹಾಗಾಗಿ ಮೂತಿಯನ್ನೂ ಆ ಕಡೆಗೇ ತಿರುಗಿಸೋಣ ಅನಿಸುತ್ತದೆ. ಕಂಪಾಸ್ ನೋಡಿದರೆ ಸಮಾಧಾನವೂ ಆಗುತ್ತದೆ. ಆದರೆ ಜಿಪಿಎಸ್ ಬೇರೆಯೇ ಕತೆ ಹೇಳುತ್ತದೆ. ಮೂತಿ ಇರುವ ದಿಕ್ಕು ಒಂದು, ದೋಣಿ ನಿಜವಾಗಿ ಹೋಗುವ ದಿಕ್ಕು ಇನ್ನೊಂದು. ನಡುವಿನ ವ್ಯತ್ಯಾಸವೇ ಅಡ್ಡಜಾರು. ದೋಣಿ ಏಡಿಯ ಹಾಗೆ ಪಕ್ಕಕ್ಕೆ ಸರಿಯುತ್ತಿರುತ್ತದೆ.

ಯಾಕೆ ಹೀಗೆ? ಕೀಲ್ ಅಂದರೆ ನೀರಿನೊಳಗಿನ ರೆಕ್ಕೆ. ವಿಮಾನದ ರೆಕ್ಕೆ ನಿಂತಲ್ಲೇ ನಿಂತರೆ ವಿಮಾನವನ್ನು ಎತ್ತಲಾರದು, ಓಡಬೇಕು. ಕೀಲ್‌ಗೂ ಅದೇ ನಿಯಮ. ಅದರ ಹಿಡಿತ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ 3 ನಾಟ್‌ನಿಂದ ನಾಲ್ಕೂವರೆಗೆ ಹೋದರೆ ಅದು ಒಂದೂವರೆ ಪಟ್ಟು, ಹಿಡಿತ ಮಾತ್ರ ಎರಡೂಕಾಲು ಪಟ್ಟು. ನಿಮ್ಮಂಥ ಉದ್ದ ಕೀಲ್ ಅಷ್ಟೇನೂ ಜಾಣ ರೆಕ್ಕೆ ಅಲ್ಲ. ಆಳ ಕಮ್ಮಿ, ಉದ್ದ ಜಾಸ್ತಿ. ಹಾಗಾಗಿ ಅದಕ್ಕೆ ವೇಗದ ಹಸಿವು ಇನ್ನೂ ಹೆಚ್ಚು. ಮೂತಿಯನ್ನು ಗಾಳಿಗೆ ಒತ್ತಿದಾಗ ವೇಗ ಬೀಳುತ್ತದೆ, ವೇಗ ಬಿದ್ದಾಗ ಕೀಲ್ ಕೈಬಿಡುತ್ತದೆ, ಕೀಲ್ ಕೈಬಿಟ್ಟಾಗ ದೋಣಿ ಪಕ್ಕಕ್ಕೆ ಜಾರುತ್ತದೆ, ಜಾರಿದ್ದನ್ನು ಸರಿಮಾಡಲು ನೀವು ಮತ್ತೆ ಮೂತಿ ಒತ್ತುತ್ತೀರಿ. ಈ ಗಿರಕಿಯಿಂದ ಹೊರಬರಬೇಕಾದರೆ ಮೊದಲು ವೇಗ ಬರಬೇಕು, ಕೋನ ಆಮೇಲೆ. ಮುಂದೆ ನಾನು ಹೇಳುವ ಎಲ್ಲವೂ ಇದೊಂದೇ ಮಾತಿನ ಸುತ್ತ ತಿರುಗುತ್ತದೆ.

ಮುಂದಿನ ಶನಿವಾರವೇ ಒಂದು ಕೆಲಸ ಮಾಡಿ. ಗಾಳಿ ಒಂದೇ ಸಮ ಬೀಸುತ್ತಿರುವ ಹೊತ್ತು ನೋಡಿ, ಭರತ ಇಳಿತದ ಸೆಳೆತ ಕಮ್ಮಿ ಇರುವಾಗ ಹೊರಡಿ. ಜಿಪಿಎಸ್ ಮುಂದೆ ಒಂದು ನೋಟ್‌ಬುಕ್ ಇಡಿ. ಎಂದಿನ ಕೋನದಲ್ಲಿ ಹತ್ತು ನಿಮಿಷ, ಆಮೇಲೆ 5 ಡಿಗ್ರಿ ಕೆಳಗೆ, ಅಂದರೆ ಗಾಳಿಯಿಂದ ದೂರಕ್ಕೆ, ಬಿಟ್ಟು ಹತ್ತು ನಿಮಿಷ, ಇನ್ನೂ 5 ಡಿಗ್ರಿ ಬಿಟ್ಟು ಹತ್ತು ನಿಮಿಷ. ಪ್ರತಿ ಸಲವೂ ಹಾಯಿಯನ್ನು ಆ ಕೋನಕ್ಕೆ ತಕ್ಕಂತೆ ಸ್ವಲ್ಪ ಸಡಿಲಿಸಿ. ಕಂಪಾಸ್, ಜಿಪಿಎಸ್ ದಿಕ್ಕು, ವೇಗ ಮೂರನ್ನೂ ಬರೆಯಿರಿ. ಆಮೇಲೆ ಇನ್ನೊಂದು ಟ್ಯಾಕ್‌ನಲ್ಲೂ ಇದನ್ನೇ ಮಾಡಿ, ಇಲ್ಲದಿದ್ದರೆ ಸೆಳೆತ ನಿಮ್ಮ ಲೆಕ್ಕ ಕೆಡಿಸುತ್ತದೆ. ಮನೆಗೆ ಬಂದು ವೇಗವನ್ನು ಕೋನದ ಕೊಸೈನ್‌ನಿಂದ ಗುಣಿಸಿ. ಶಾಲೆಯಲ್ಲಿ ಕಲಿತ ತ್ರಿಕೋನಮಿತಿ ಕೊನೆಗೂ ಉಪಯೋಗಕ್ಕೆ ಬಂತು! ಗಾಳಿಯಿಂದ 50 ಡಿಗ್ರಿಯಲ್ಲಿ 3.2 ನಾಟ್ ಹೋದರೆ ದಕ್ಕುವುದು 2.1. 55ರಲ್ಲಿ 4.5 ಹೋದರೆ 2.6. 60ರಲ್ಲಿ 4.8 ಹೋದರೆ 2.4. ನಡುವಿನದೇ ಗೆಲ್ಲುತ್ತದೆ, ನೋಡಿ. ಇವು ಬರೀ ಉದಾಹರಣೆ. ನಿಮ್ಮ ದೋಣಿಯ ಅಂಕಿ ನಿಮ್ಮ ನೋಟ್‌ಬುಕ್ಕಿನಲ್ಲೇ ಸಿಗಬೇಕು.

ಈಗ ಮಿಜನ್, ಅಂದರೆ ಹಿಂದಿನ ಸಣ್ಣ ಹಾಯಿ. ನಿಮ್ಮವರ ಭುಜ ನೋವಿನ ಅರ್ಧ ಕಾರಣ ಅದೇ ಅಂತ ನನ್ನ ಊಹೆ.

ಎದುರು ಗಾಳಿಗೆ ಹೋಗುವಾಗ ಮಿಜನ್‌ಗೆ ತಾಜಾ ಗಾಳಿ ಸಿಗುವುದಿಲ್ಲ. ಮುಂದಿನ ಎರಡು ಹಾಯಿಗಳು ಬಳಸಿ, ಬಾಗಿಸಿ ಬಿಟ್ಟ ಗಾಳಿ ಅದರ ಪಾಲಿಗೆ. ಪಂಕ್ತಿಯ ಕೊನೆಯಲ್ಲಿ ಕೂತವನ ಎಲೆಗೆ ಬರುವ ಪಾಯಸದ ಹಾಗೆ. ಆ ಬಾಗಿದ ಗಾಳಿ ಅದರ ಮುಂದಂಚಿಗೆ ಮೂತಿಯ ಕಡೆಯಿಂದ ಬಡಿಯುತ್ತದೆ. ಪಟಪಟ ಹೊಡೆದುಕೊಳ್ಳದಿರಲಿ ಅಂತ ನೀವು ಅದನ್ನು ಬಿಗಿಯಾಗಿ ಎಳೆದು ನಡುವಿಗೆ ತರುತ್ತೀರಿ. ಆಗ ಅದು ಮುಂದಕ್ಕೆ ಎಳೆಯುವುದು ಬಿಟ್ಟು ದೋಣಿಯ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಹಿಂಭಾಗ ಗಾಳಿ ಹೋಗುವ ಕಡೆ ಸರಿದರೆ ಮೂತಿ ಗಾಳಿಯ ಕಡೆ ತಿರುಗುತ್ತದೆ. ಅದನ್ನು ತಡೆಯಲು ಟಿಲ್ಲರ್ ಎಳೆಯಬೇಕು. ಎಳೆದ ಚುಕ್ಕಾಣಿ ನೀರಿನಲ್ಲಿ ಅಡ್ಡ ಹಲಗೆ. ಜೋಡಿ ಎತ್ತಿನಲ್ಲಿ ಒಂದು ಎಳೆಯದೆ ನೊಗಕ್ಕೆ ಒರಗಿಕೊಂಡು ನಡೆದರೆ ಗಾಡಿ ಹೇಗೆ ಓಡುತ್ತದೋ ಹಾಗೆ.

ಟಿಲ್ಲರ್ ಸುಮ್ನೆ ಸ್ವಲ್ಪ ಎಳೆಯುತ್ತಿದ್ದರೆ ಒಳ್ಳೆಯದೇ. ಮೂರರಿಂದ ಐದು ಡಿಗ್ರಿ ತಿರುವಿದ್ದರೆ ಚುಕ್ಕಾಣಿಯೂ ಕೀಲ್ ಜೊತೆ ಸೇರಿ ದೋಣಿಯನ್ನು ಗಾಳಿಯ ಕಡೆ ಎತ್ತುತ್ತದೆ. ಹತ್ತು ದಾಟಿದರೆ ಅದು ಬ್ರೇಕ್. ಟಿಲ್ಲರ್ ನಡುವಿಗಿದ್ದಾಗ ಅದರ ತುದಿಯ ಕೆಳಗೆ ಆಸನದ ಮೇಲೆ ಒಂದು ಟೇಪ್ ಅಂಟಿಸಿ, 5 ಡಿಗ್ರಿಗೆ ಇನ್ನೊಂದು, 10ಕ್ಕೆ ಮತ್ತೊಂದು. ಒಂದು ಮೀಟರ್ ಉದ್ದದ ಟಿಲ್ಲರ್ ಆದರೆ 5 ಡಿಗ್ರಿಗೆ ತುದಿ ಸುಮಾರು 9 ಸೆಂಟಿಮೀಟರ್ ಸರಿಯುತ್ತದೆ. ಈ ಟೇಪ್‌ಗಿಂತ ಅಗ್ಗದ ಉಪಕರಣ ನನಗೆ ಗೊತ್ತಿಲ್ಲ.

ಹಾಗಾದರೆ ಮಿಜನ್ ಇಳಿಸಿಬಿಡಬೇಕಾ? ಗಾಳಿ 14, 15 ನಾಟ್ ದಾಟುತ್ತಿದ್ದ ಹಾಗೆ ಮೊದಲು ಇಳಿಯಬೇಕಾದ್ದು ಅದೇ, ಈ ಮಾತಿನಲ್ಲಿ ನನಗೆ ಅನುಮಾನ ಇಲ್ಲ. ತೀರಾ ಮೆಲುಗಾಳಿಯಲ್ಲೂ ಅದು ಅಷ್ಟೇನೂ ಕೊಡುವುದಿಲ್ಲ. ನಡುವಿನ ಗಾಳಿಯಲ್ಲಿ, 8ರಿಂದ 14 ನಾಟ್‌ವರೆಗೆ, ಹಾಯಿ ಚಪ್ಪಟೆಯಾಗಿದ್ದರೆ ಕೆಲವು ದೋಣಿಗಳಲ್ಲಿ ಸ್ವಲ್ಪ ಲಾಭ ಇದೆ. ಹತ್ತು ನಿಮಿಷ ಇಟ್ಟು, ಹತ್ತು ನಿಮಿಷ ಇಳಿಸಿ ನೋಡಿ. ವೇಗದಲ್ಲಿ ಏನೂ ವ್ಯತ್ಯಾಸ ಇಲ್ಲ, ಟಿಲ್ಲರ್ ಮಾತ್ರ ಹಗುರ ಅಂತಾದರೆ ಇಳಿಸಿದ್ದೇ ಸರಿ. ಇಳಿಸಿದ ಮೇಲೆ ಬೂಮ್‌ಗೆ, ಅಂದರೆ ಹಾಯಿಯ ಕೆಳಗಿನ ಅಡ್ಡ ಕೋಲಿಗೆ, ಸುತ್ತಿ ಬಿಗಿಯಾಗಿ ಕಟ್ಟಿ, ಜೋತಾಡುವ ಬಟ್ಟೆಯೂ ಗಾಳಿ ಹಿಡಿಯುತ್ತದೆ. ಗಾಳಿ ಪಕ್ಕಕ್ಕೆ ತಿರುಗಿದ ತಕ್ಷಣ ಮತ್ತೆ ಏರಿಸಿ. ಲಂಗರು ಹಾಕಿದಾಗಲೂ ಮೂತಿ ಗಾಳಿಗೆ ನೆಟ್ಟಗೆ ನಿಲ್ಲಲು ಅದೇ ಹಾಯಿ ಬೇಕು.

ಇಲ್ಲೊಂದು ಅಡ್ಡಮಾತು. ಕೆಚ್ ಅಂದರೆ ಎದುರು ಗಾಳಿಗೆ ಆಗದ ದೋಣಿ ಅಂತ ಯಾರಾದರೂ ಹಂಗಿಸಿದರೆ 'ಸುಹೈಲಿ'ಯ ಕತೆ ಹೇಳಿ. 32 ಅಡಿಯ ಕೆಚ್, ನಮ್ಮ ಮುಂಬಯಿಯಲ್ಲಿ ತೇಗದ ಮರದಲ್ಲಿ ಕಟ್ಟಿದ್ದು. ಅದರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ 1969ರ ಏಪ್ರಿಲ್ 22ರಂದು ಇಂಗ್ಲೆಂಡಿನ ಫಾಲ್ಮತ್‌ಗೆ ಬಂದರು. 312 ದಿನ. ಹಾಗೆ ಸುತ್ತಿದ ಮೊದಲ ಮನುಷ್ಯ ಅವರೇ. ಸರಾಸರಿ ವೇಗ 4 ನಾಟ್ ಆಸುಪಾಸು, ಅಂದರೆ ನಿಮ್ಮದಕ್ಕಿಂತ ಜಾಸ್ತಿ ಏನಿಲ್ಲ. ಭಾರತದ ಅಭಿಲಾಷ್ ಟೋಮಿ 2018ರ ಗೋಲ್ಡನ್ ಗ್ಲೋಬ್ ರೇಸ್‌ಗೆ ಹೋದ 'ತುರೀಯಾ' ಕೂಡ ಅದೇ ಸುಹೈಲಿಯ ಪಡಿಯಚ್ಚು, ಗೋವಾದಲ್ಲಿ ಕಟ್ಟಿದ್ದು. ಇಂಥ ದೋಣಿಗಳು ತಾಳ್ಮೆಯವರಿಗೆ.

ಸರಿ, ಕೆಲಸಕ್ಕೆ ಬರೋಣ. ಹೆಚ್ಚು ದುಡ್ಡು ಖರ್ಚಾಗದ ಕೆಲಸ ಮೊದಲು.

ದೋಣಿಯ ತಳ ನೋಡಿದ್ದೀರಾ? ಬೇಸಿಗೆಯ ಕೊಲ್ಲಿ ನೀರಿನಲ್ಲಿ ಪಾಚಿ, ಬಾರ್ನಕಲ್ ಚಿಪ್ಪು ಬೆಳೆಯಲು ಜಾಸ್ತಿ ದಿನ ಬೇಡ. ಉದ್ದ ಕೀಲ್‌ನ ದೋಣಿಗೆ ನೀರಿಗೆ ತಾಗುವ ಮೈ ಜಾಸ್ತಿ, ಹಾಗಾಗಿ ಕೊಳೆಯ ದಂಡವೂ ಜಾಸ್ತಿ. ನಾನು ಹಾಯಿ ಹೊಲಿಯುವ ಕೆಲಸದಲ್ಲಿದ್ದಾಗ ಒಬ್ಬರು ಹೊಸ ಜೆನೋವಾ ಹೊಲಿಸಿಕೊಂಡು ಹೋಗಿ, ಎರಡೇ ವಾರಕ್ಕೆ ಹಾಯಿ ಸರಿಯಿಲ್ಲ ಅಂತ ವಾಪಸ್ ತಂದರು. ಜೊತೆಗೆ ಹೋಗಿ ನೋಡಿದರೆ ತಳದಲ್ಲಿ ಬೆರಳು ದಪ್ಪ ಚಿಪ್ಪಿನ ತೋಟ. ಮುಳುಗುಗಾರನನ್ನು ಕರೆಸಿ ಕೆರೆಸಿದ ಮೇಲೆ ಹಾಯಿ ತಾನಾಗಿಯೇ ಸರಿಹೋಯಿತು. ನಾನೂ ಅವತ್ತಿನವರೆಗೆ ಮೇಲೆ ನೋಡುತ್ತಿದ್ದೆನೇ ಹೊರತು ಕೆಳಗೆ ನೋಡುತ್ತಿರಲಿಲ್ಲ.

ಪ್ರೊಪೆಲ್ಲರನ್ನೂ ಮರೆಯಬೇಡಿ. ನಿಮ್ಮ ದೋಣಿಯಲ್ಲಿ ಅದು ಕೀಲ್‌ಗೂ ಚುಕ್ಕಾಣಿಗೂ ನಡುವಿನ ಕಿಂಡಿಯಲ್ಲಿ ಕೂತಿರುತ್ತದೆ. ಎರಡು ಅಲಗಿನದಾದರೆ ಅಲಗುಗಳು ಮೇಲೆ ಕೆಳಗೆ ನೆಟ್ಟಗೆ ಇರುವಂತೆ ನಿಲ್ಲಿಸಿ, ಆಗ ಕೀಲ್‌ನ ಮರೆಯಲ್ಲಿ ಅಡಗುತ್ತವೆ. ದೋಣಿ ಮೇಲೆ ಎತ್ತಿದಾಗ ಅಲಗು ನೆಟ್ಟಗಿರುವಂತೆ ಮಾಡಿ, ಒಳಗೆ ಶಾಫ್ಟ್ ಮೇಲೆ ಬಣ್ಣದ ಗುರುತು ಹಾಕಿಡಿ. ಹೊರಟ ಮೇಲೆ, ಎಂಜಿನ್ ಪೂರ್ತಿ ನಿಂತಿರುವಾಗ ಮಾತ್ರ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ ಗುರುತು ಮೇಲೆ ತಂದು ಗೇರ್‌ಗೆ ಹಾಕಿ. ಯಾವ ಗೇರ್ ಅನ್ನುವುದಕ್ಕೆ ಗೇರ್‌ಬಾಕ್ಸ್ ಕೈಪಿಡಿ ನೋಡಿ. ಮತ್ತೆ ಎಂಜಿನ್ ಶುರು ಮಾಡುವ ಮುಂಚೆ ನ್ಯೂಟ್ರಲ್‌ಗೆ ತನ್ನಿ. ಮೂರು ಅಲಗಿನದಾದರೆ ಮರೆಯಾಗುವ ಮಾತೇ ಇಲ್ಲ. ಆಗ ಮಡಚಿಕೊಳ್ಳುವ ಅಥವಾ ಅಲಗು ತಿರುಗಿಸಿಕೊಳ್ಳುವ ಪ್ರೊಪೆಲ್ಲರ್ ಬಗ್ಗೆ ಮುಂದೆಂದಾದರೂ ಯೋಚಿಸಬಹುದು. ದುಬಾರಿ, ಆದರೆ ಮೆಲುಗಾಳಿಯಲ್ಲಿ ಕೊಟ್ಟ ದುಡ್ಡು ಕಾಣುತ್ತದೆ.

ಮೂತಿಯಲ್ಲಿ ಲಂಗರಿನ ಸರಪಳಿ ಎಷ್ಟಿದೆ? 8 ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 1.4 ಕಿಲೋ. 60 ಮೀಟರ್ ಇದ್ದರೆ 84 ಕಿಲೋ, ಒಬ್ಬ ದಪ್ಪ ಮನುಷ್ಯ ಸದಾ ಮೂತಿಯಲ್ಲೇ ಕೂತ ಹಾಗೆ. ಪ್ರತಿ ಅಲೆಗೂ ಮೂತಿ ಮುಳುಗುತ್ತದೆ, ಏಳಲು ತಡಮಾಡುತ್ತದೆ. ಚೆಸಪೀಕ್ ಕೊಲ್ಲಿಯ ಸರಾಸರಿ ಆಳವೇ ಸುಮಾರು 21 ಅಡಿ. ಅಲ್ಲಿಗೆ ಇಷ್ಟೊಂದು ಸರಪಳಿ ಯಾಕೆ? ಸ್ವಲ್ಪ ಸರಪಳಿ, ಮಿಕ್ಕಿದ್ದು ನೈಲಾನ್ ಹಗ್ಗ ಸಾಕು. ಉಳಿದದ್ದನ್ನು ನಡುವಿಗೆ ತಂದು ತಳದಲ್ಲಿಡಿ, ಇಲ್ಲವೇ ಮನೆಯಲ್ಲಿಡಿ. ಡೆಕ್ ಮೇಲಿನ ಡಿಂಗಿ (ದಡಕ್ಕೆ ಹೋಗಿಬರುವ ಪುಟ್ಟ ದೋಣಿ), ಬಟ್ಟೆಯ ಚಪ್ಪರ, ಜೋತಾಡುವ ಡಬ್ಬಗಳು ಎಲ್ಲವೂ ಎದುರು ಗಾಳಿಗೆ ಗೋಡೆ. ಚಪ್ಪರ ಮಡಚಲು ಎರಡು ನಿಮಿಷ ಸಾಕು.

ಇನ್ನು ಹಾಯಿ. ಮುಂದಿನ ಹಾಯಿ ಜೆನೋವಾದ ಮುಂದಂಚು ಫೋರ್‌ಸ್ಟೇ ತಂತಿಗೆ ಕಟ್ಟಿರುತ್ತದಲ್ಲ, ಗಾಳಿಯಲ್ಲಿ ಓಡುವಾಗ ಮೂತಿಗೆ ಹೋಗಿ ಆ ತಂತಿಯ ಉದ್ದಕ್ಕೂ ಕಣ್ಣು ಹಾಯಿಸಿ. ಅದು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಗಾಳಿ ಹೋಗುವ ಕಡೆಗೆ ಜೋಲುತ್ತಿದ್ದರೆ ಹಾಯಿ ಚೀಲವಾಗುತ್ತದೆ. ಚೀಲ ಹಾಯಿ ಪಕ್ಕದ ಗಾಳಿಗೆ ಚೆಂದ, ಎದುರು ಗಾಳಿಗೆ ಕಂಟಕ. ತಂತಿ ಬಿಗಿಯಾಗಬೇಕಾದರೆ ಹಿಂದಿನಿಂದ ಎಳೆಯುವ ಬ್ಯಾಕ್‌ಸ್ಟೇ ಬಿಗಿಯಬೇಕು. ಕೆಚ್‌ನಲ್ಲಿ ಇಲ್ಲೇ ತೊಡಕು. ಹಿಂದೆ ಮಿಜನ್ ಕಂಬ ಇರುವುದರಿಂದ ಬ್ಯಾಕ್‌ಸ್ಟೇಯನ್ನು ಎರಡಾಗಿ ಸೀಳಿಯೋ ಬೇರೆ ರೀತಿಯಲ್ಲೋ ಕಟ್ಟಿರುತ್ತಾರೆ. ನಿಮ್ಮದು ಹೇಗಿದೆ ನೋಡಿ. ಬಿಗಿಯುವ ಮುಂಚೆ ಒಬ್ಬ ರಿಗ್ಗರ್, ಅಂದರೆ ಕಂಬ ಮತ್ತು ತಂತಿಗಳ ಕೆಲಸ ಮಾಡುವವರ, ಕೈಯಲ್ಲಿ ತಂತಿಗಳು, ಅವು ದೋಣಿಗೆ ಸೇರುವ ಚೈನ್‌ಪ್ಲೇಟ್‌ಗಳು, ಕಂಬದ ಬುಡ ಎಲ್ಲವನ್ನೂ ಪರೀಕ್ಷೆ ಮಾಡಿಸಿ. ಐವತ್ತು ವರ್ಷ ದಾಟಿದ ದೋಣಿ ಇದು. ತುಕ್ಕು ಒಳಗೇ ಇರುತ್ತದೆ. ಗಾಳಿಗೆ ಎರಡು ಡಿಗ್ರಿ ಹತ್ತಿರವಾಗುವ ಆಸೆಯಲ್ಲಿ ಕಂಬ ಬೀಳಿಸಿಕೊಳ್ಳಬೇಡಿ.

ಅದೇ ದಿನ ರಿಗ್ಗರ್‌ಗೆ ಹೇಳಿ ದೊಡ್ಡ ಕಂಬದ ಹಿಂಬಾಗು ಎಷ್ಟಿದೆ ನೋಡಿಸಿ. ನೀರು ನಿಶ್ಚಲವಾಗಿದ್ದಾಗ ಹ್ಯಾಲ್ಯಾರ್ಡ್‌ಗೆ, ಅಂದರೆ ಹಾಯಿ ಏರಿಸುವ ಹಗ್ಗಕ್ಕೆ, ಗಾರೆಯವರ ತೂಕದ ಗುಂಡು ಕಟ್ಟಿ ಬಿಟ್ಟರೆ ನಿಮಗೇ ಗೊತ್ತಾಗುತ್ತದೆ. ಕಂಬ ತುಂಬಾ ಹಿಂದಕ್ಕೆ ವಾಲಿದ್ದರೆ ಟಿಲ್ಲರ್ ಭಾರಕ್ಕೆ ಅದೂ ಒಂದು ಕಾರಣ.

ಹಾಯಿಯ ಹೊಟ್ಟೆ, ಅಂದರೆ ಗಾಳಿ ತುಂಬಿದಾಗಿನ ಉಬ್ಬು, ಎಲ್ಲಿದೆ ಅನ್ನುವುದನ್ನು ಫೋಟೋ ಹೇಳುತ್ತದೆ. ಜೆನೋವಾದ ಕೆಳ ಅಂಚಿನ ನಡುವೆ ಕೂತು ಫೋನ್ ಮೇಲಕ್ಕೆ ಹಿಡಿದು ತೆಗೆಯಿರಿ. ಜೆನೋವಾದಲ್ಲಿ ಹೊಟ್ಟೆಯ ಅತಿ ಆಳದ ಜಾಗ ಮುಂದಂಚಿನಿಂದ ಮೂರನೇ ಒಂದು ಭಾಗದ ಆಸುಪಾಸು, ದೊಡ್ಡ ಕಂಬದ ಹಿಂದಿನ ದೊಡ್ಡ ಹಾಯಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಮುಂದೆ ಇರಬೇಕು. ಹಳೆಯ ಡೇಕ್ರಾನ್ ಬಟ್ಟೆ ಹಿಗ್ಗಿ ಹಿಗ್ಗಿ ಈ ಹೊಟ್ಟೆ ಹಿಂದಕ್ಕೆ ಸರಿದಿರುತ್ತದೆ, ವಯಸ್ಸಾದಂತೆ ನಮ್ಮದು ಕೆಳಕ್ಕೆ ಸರಿದ ಹಾಗೆ. ಹೊಟ್ಟೆ ಹಿಂದೆ ಹೋದರೆ ಹಾಯಿ ಮುಂದಕ್ಕಿಂತ ಪಕ್ಕಕ್ಕೆ ಜಾಸ್ತಿ ತಳ್ಳುತ್ತದೆ, ದೋಣಿ ವಾಲುತ್ತದೆ, ಮತ್ತೆ ಟಿಲ್ಲರ್ ಭಾರ. ತಾತ್ಕಾಲಿಕ ಮದ್ದು ಹ್ಯಾಲ್ಯಾರ್ಡ್‌ನಲ್ಲಿದೆ. ಗಾಳಿ ಏರಿದಂತೆ ಬಿಗಿಯಿರಿ, ಮುಂದಂಚಿನ ಅಡ್ಡ ನೆರಿಗೆಗಳು ಮಾಯವಾಗುವವರೆಗೆ. ಹ್ಯಾಲ್ಯಾರ್ಡೇ ಹಿಗ್ಗುವ ಹಳೆ ಹಗ್ಗವಾಗಿದ್ದರೆ ಬಿಗಿದದ್ದೆಲ್ಲ ಹತ್ತು ನಿಮಿಷದಲ್ಲಿ ಹೋಯಿತು. ಹಿಗ್ಗದ ಡೈನೀಮಾ ನಾರಿನ ಹಗ್ಗ ಹಾಕಿಸಿ. ನೀವು ಮಾಡಬಹುದಾದ ಖರ್ಚುಗಳಲ್ಲಿ ಅತ್ಯಂತ ಲಾಭದ್ದು ಇದೇ ಅನ್ನುತ್ತೇನೆ.

ಜೆನೋವಾದ ಮುಂದಂಚಿನಿಂದ ಒಂದು ಗೇಣು ಹಿಂದೆ, ಮೇಲೆ, ನಡುವೆ, ಕೆಳಗೆ ಮೂರು ಕಡೆ, ಎರಡೂ ಬದಿಗೆ ಉಲನ್ ದಾರ ಅಂಟಿಸಿ. ಗಾಳಿ ಬರುವ ಬದಿಯ ದಾರಗಳನ್ನು ನೋಡುತ್ತಾ ಮೂತಿಯನ್ನು ನಿಧಾನ ಗಾಳಿಗೆ ತಿರುಗಿಸಿ. ಮೂರೂ ಒಟ್ಟಿಗೆ ಕುಣಿದರೆ ಸರಿ. ಮೇಲಿನದು ಮೊದಲು ಕುಣಿದರೆ ಶೀಟ್, ಅಂದರೆ ಹಾಯಿಯನ್ನು ಎಳೆದು ಹಿಡಿಯುವ ಹಗ್ಗ, ಹಾದುಹೋಗುವ ಜಾರುವ ರಾಟೆಯನ್ನು (ಕಾರ್) ಹಳಿಯ ಮೇಲೆ ಮುಂದಕ್ಕೆ ಸರಿಸಿ, ಕೆಳಗಿನದು ಮೊದಲಾದರೆ ಹಿಂದಕ್ಕೆ. ಚುಕ್ಕಾಣಿ ಹಿಡಿದವರಿಗೂ ಇವೇ ಕಣ್ಣು. ಗಾಳಿ ಹೋಗುವ ಬದಿಯ ದಾರ ಸೋತು ಬಿದ್ದರೆ ನೀವು ತುಂಬಾ ಕೆಳಗೆ ಹೋಗಿದ್ದೀರಿ, ಇಲ್ಲವೇ ಹಾಯಿಯನ್ನು ಅತಿಯಾಗಿ ಎಳೆದಿದ್ದೀರಿ. ಗಾಳಿ ಬರುವ ಬದಿಯದು ಕುಣಿಯುತ್ತಿದ್ದರೆ ಮತ್ತದೇ ಹಳೇ ಚಾಳಿ, ಮೂತಿ ಒತ್ತುತ್ತಿದ್ದೀರಿ.

ದೊಡ್ಡ ಹಾಯಿಯ ಬೂಮ್ ದೋಣಿಯ ನಡುಗೆರೆಯ ಹತ್ತಿರ ಬರಲಿ, ಆದರೆ ಶೀಟನ್ನು ಉಸಿರುಗಟ್ಟುವ ಹಾಗೆ ಬಿಗಿಯಬೇಡಿ. ಹಿಂದಂಚಿನ ಮೇಲ್ತುದಿಯಲ್ಲೂ ಒಂದು ದಾರ ಕಟ್ಟಿ. ಅದು ಅರ್ಧ ಹೊತ್ತು ಹಿಂದಕ್ಕೆ ಹಾರುತ್ತಾ, ಅರ್ಧ ಹೊತ್ತು ಹಾಯಿಯ ಹಿಂದೆ ಅಡಗುತ್ತಾ ಇದ್ದರೆ ಸರಿಯಾದ ಬಿಗಿ.

ಗಾಳಿ ಏರಿದಾಗ ಮಿಜನ್ ಇಳಿಸಿದ ಮೇಲೂ ದೋಣಿ 20 ಡಿಗ್ರಿಗಿಂತ ಜಾಸ್ತಿ ವಾಲುತ್ತಿದ್ದರೆ ದೊಡ್ಡ ಹಾಯಿಗೆ ರೀಫ್ ಹಾಕಿ, ಅಂದರೆ ಕೆಳಭಾಗ ಮಡಚಿ ಚಿಕ್ಕದು ಮಾಡಿ. ನೀರು ಡೆಕ್‌ಗೆ ಏರಿದರೆ ನೋಡಲು ರೋಮಾಂಚನ, ಆದರೆ ವಾಲಿದ ಕೀಲ್ ಹಿಡಿಯುವುದಿಲ್ಲ. ರೀಫ್ ಹಾಕಿ ವೇಗ ಇಳಿಯದೇ ಇದ್ದರೆ ನೀವು ಹಾಕಿದ್ದು ತಡವಾಗಿ ಅಂತಲೇ ಅರ್ಥ.

ಹೊಸ ಜೆನೋವಾ ಪ್ರಶ್ನೆ. ಈಗಿನದರ ಬಟ್ಟೆ ಮೆತ್ತಗಾಗಿ ಕರ್ಚೀಫಿನ ಹಾಗೆ ಆಗಿದ್ದರೆ, ಹೌದು, ಹೊಲಿಸಿ. ಎದುರು ಗಾಳಿಗೆ ಅತಿ ಹೆಚ್ಚು ದುಡಿಯುವುದು ಆ ಹಾಯಿಯೇ. ಆದರೆ ದೊಡ್ಡದು ಬೇಡ, ಚಿಕ್ಕದು ಹೊಲಿಸಿ. ಜೆನೋವಾ ಅಳತೆಯನ್ನು ಮುಂದಿನ ತ್ರಿಕೋನದ ಬುಡಕ್ಕೆ ಹೋಲಿಸಿ ಶೇಕಡಾದಲ್ಲಿ ಹೇಳುತ್ತಾರೆ. 150ರಂಥ ದೊಡ್ಡದು ಮೆಲುಗಾಳಿಗೆ ಸರಿ. ಜೋರು ಗಾಳಿ ಬಂದಾಗ ಅದನ್ನು ಫೋರ್‌ಸ್ಟೇಗೆ ಅರ್ಧ ಸುತ್ತಬೇಕಾಗುತ್ತದೆ, ಅರ್ಧ ಸುತ್ತಿದ ಜೆನೋವಾ ನಡುವೆ ಉಬ್ಬಿ ಮೂಟೆಯಾಗುತ್ತದೆ. 125, 130 ಸಾಕು. ಮುಂದಂಚಿಗೆ ಫೋಮ್ ಪಟ್ಟಿ ಇಟ್ಟು ಹೊಲಿಯಲು ಹೇಳಿ, ಸುತ್ತಿದಾಗ ಅದು ನಡುವಿನ ಉಬ್ಬನ್ನು ನುಂಗಿಕೊಳ್ಳುತ್ತದೆ. ಅದಾಗಿ ದುಡ್ಡು ಉಳಿದರೆ ದೊಡ್ಡ ಹಾಯಿ. ಮಿಜನ್ ಕೊನೆಗೆ, ಅಥವಾ ಎಂದೂ ಬೇಡ.

ಟ್ಯಾಕ್ ಮಾಡುವುದರಲ್ಲೂ ಉದ್ದ ಕೀಲ್ ಬೇರೆ ಕೈ ಕೇಳುತ್ತದೆ. ಟಿಲ್ಲರನ್ನು ಒಮ್ಮೆಲೇ ತಳ್ಳಿದರೆ ಚುಕ್ಕಾಣಿ ಬ್ರೇಕ್ ಆಗಿ ದೋಣಿ ನಡುದಾರಿಯಲ್ಲಿ ನಿಲ್ಲುತ್ತದೆ. ಮೊದಲು ಎರಡು ಮೂರು ಡಿಗ್ರಿ ಕೆಳಗೆ ಬಿಟ್ಟು ವೇಗ ತೆಗೆದುಕೊಳ್ಳಿ, ಅಲೆ ಕಮ್ಮಿ ಇರುವ ಜಾಗ ನೋಡಿ, ಆಮೇಲೆ ನಿಧಾನವಾಗಿ, ಬಸ್ ತಿರುಗಿಸುವ ಹಾಗೆ ತಿರುಗಿಸಿ. ಮೂತಿ ಗಾಳಿ ದಾಟುವವರೆಗೆ ಜೆನೋವಾ ಶೀಟ್ ಬಿಡಬೇಡಿ. ಅದು ಹಿಂಬದಿಯಿಂದ ಗಾಳಿ ತುಂಬಿಕೊಂಡು ಮೂತಿಯನ್ನು ತಳ್ಳಿಕೊಡುತ್ತದೆ. ದಾಟಿದ ಮೇಲೆ ತಕ್ಷಣ ಕೋನ ಹುಡುಕಬೇಡಿ. ಅರ್ಧ ನಿಮಿಷ ಕೆಳಗೇ ಓಡಿ, ವೇಗ 4 ನಾಟ್ ದಾಟಲಿ, ಆಮೇಲೆ ಮೇಲಕ್ಕೆ. ಒಂದೊಂದು ಟ್ಯಾಕ್‌ಗೂ ಬೆಲೆ ಇದೆ, ಹಾಗಾಗಿ ಸಣ್ಣ ಸಣ್ಣ ಟ್ಯಾಕ್ ಬೇಡ, ಉದ್ದ ಉದ್ದ ಮಾಡಿ.

ನಿಮ್ಮ ಕೊಲ್ಲಿ ಆಳ ಇಲ್ಲದ್ದರಿಂದ ಗಾಳಿ ಏರಿದರೆ ಅಲೆ ಗಿಡ್ಡ, ಕಡಿದು, ಒತ್ತೊತ್ತು. ಮೂರು ಅಲೆಗೆ ದೋಣಿ ನಿಂತೇಬಿಡುತ್ತದೆ. ಅಂಥ ದಿನ ಇನ್ನೂ 5 ಡಿಗ್ರಿ ಕೆಳಗೆ ಬಿಡಿ, ಹಾಯಿಗೆ ಸ್ವಲ್ಪ ಹೊಟ್ಟೆ ಕೊಡಿ. ಅದಕ್ಕೂ ಬಗ್ಗದಿದ್ದರೆ ಎಂಜಿನ್ ಶುರು ಮಾಡಿ, ದೊಡ್ಡ ಹಾಯಿ ಹಾಗೇ ಇರಲಿ, ಅರ್ಧ ವೇಗಕ್ಕಿಂತ ಕಮ್ಮಿ ಇಟ್ಟರೂ ಕೀಲ್ ಮತ್ತೆ ಹಿಡಿಯತೊಡಗುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ನಾನೂ ಮಾಡುತ್ತೇನೆ. ಗಾಳಿಯ ವಿರುದ್ಧ ಹೋಗುವ ದಿನ ಸೆಳೆತವಾದರೂ ನಮ್ಮ ಜೊತೆ ಇರಲಿ ಅಂತ ಭರತ ಇಳಿತದ ಪಟ್ಟಿ ನೋಡಿ ಹೊರಡುವುದೂ ಮುಖ್ಯ. ನೇರ ಗಾಳಿಗೆ 2.6 ನಾಟ್ ಹೋಗುವ ದೋಣಿಗೆ ಅರ್ಧ ನಾಟ್ ಸೆಳೆತ ಅಂದರೆ ಐದನೇ ಒಂದು ಭಾಗ. ಅಷ್ಟು ಲಾಭ ಯಾವ ಹೊಸ ಹಾಯಿಯೂ ಕೊಡುವುದಿಲ್ಲ.

ಹಾಗಾಗಿ ಈ ತಿಂಗಳು ತಳ ಕೆರೆಸಿ, ಟೇಪ್ ಮತ್ತು ಉಲನ್ ದಾರ ಅಂಟಿಸಿ, ಮಿಜನ್ ಇಳಿಸಿ, ನೋಟ್‌ಬುಕ್ ತುಂಬಿಸಿ. ನಿಮ್ಮವರು ಟಿಲ್ಲರ್ ಹಿಡಿದು ನೀವು ಅಂಕಿ ಬರೆಯಿರಿ, ಆಮೇಲೆ ಅದಲು ಬದಲು ಮಾಡಿಕೊಳ್ಳಿ. ಹ್ಯಾಲ್ಯಾರ್ಡ್ ಮತ್ತು ರಿಗ್ಗರ್ ಚಳಿಗಾಲಕ್ಕೆ. ಜೆನೋವಾಗೆ ಮುಂಗಡ ಕೊಡುವ ಮುಂಚೆ ಆ ಅಂಕಿಗಳನ್ನು ಮತ್ತು ಕೆಳಗಿನಿಂದ ತೆಗೆದ ಹಾಯಿಯ ಫೋಟೋವನ್ನು ನನಗೆ ಕಳಿಸಿ. ಹೊಟ್ಟೆ ಎಷ್ಟು ಹಿಂದೆ ಸರಿದಿದೆ ನೋಡಿ ಹೇಳುತ್ತೇನೆ.